ಕೌದಿ ಅಂಚಿಗೆ ಸೀರೆ ಫಾಲ್ಸ್: ತುಮಕೂರಿನಲ್ಲಿ ಕೊಂಡ ಸಾಮಾನು, ಬಳಸಿ ನೋಡಿದ ಮೇಲೆ

ಮೂರು ಕೌದಿ ಹೊಲಿದು ಸಜ್ಜೆ ಮೇಲೆ ಇಟ್ಟು ಒಂದೂವರೆ ವರ್ಷ ಆಗಿತ್ತು. ತುಂಡು ಜೋಡಿಸಿದ್ದು ಆಗಿತ್ತು. ಮಧ್ಯೆ ಹಳೇ ಸೀರೆ ಹಾಸಿ, ಮೂರು ಪದರ ಸೇರಿಸಿ, ಕೈಯಲ್ಲಿ ಸಾಲು ಸಾಲಾಗಿ ಹೊಲಿಗೆ ಹಾಕಿದ್ದೂ ಆಗಿತ್ತು. ಬಾಕಿ ಇದ್ದದ್ದು ಸುತ್ತ ಅಂಚು ಕಟ್ಟುವುದು ಮಾತ್ರ. ಅಷ್ಟೇ ಬಾಕಿ ಅಂತ ಹೇಳುತ್ತಾ ಹೇಳುತ್ತಾ ಎರಡು ಚಳಿಗಾಲ ಹೋಯಿತು.

ಕೌದಿ ಹೊಲಿಯುವವರಿಗೆ ಇದು ಗೊತ್ತಿರುತ್ತದೆ. ತುಂಡು ಜೋಡಿಸುವಾಗ ದಿನಾ ಏನಾದರೂ ಹೊಸದು ಕಾಣುತ್ತದೆ. ಅಮ್ಮನ ಹಸಿರು ಸೀರೆ ಪಕ್ಕ ಅಜ್ಜಿಯ ಕಂದು ಸೀರೆ ಕೂತಾಗ ಎಷ್ಟು ಚೆಂದ ಅನ್ನಿಸುತ್ತದೆ, ಅಲ್ವಾ? ಅಂಚಿಗೆ ಬಂದಾಗ ಹೊಸದು ಏನೂ ಇಲ್ಲ. ಒಂದೇ ಬಣ್ಣದ ಪಟ್ಟಿ, ಒಂದೇ ಥರದ ಹೊಲಿಗೆ, ಅದೂ 25 ಅಡಿ ಉದ್ದಕ್ಕೆ. ನನ್ನ ದೊಡ್ಡ ಕೌದಿ 90 ಇಂಚು ಉದ್ದ, 60 ಇಂಚು ಅಗಲ. ಸುತ್ತಳತೆ 300 ಇಂಚು. ಆ ಲೆಕ್ಕ ತಲೆಗೆ ಬಂದರೆ ಸಾಕು, ಸೂಜಿ ಎತ್ತಲು ಮನಸ್ಸೇ ಬರುತ್ತಿರಲಿಲ್ಲ.

ಆದರೆ ಕೌದಿ ಹರಿಯಲು ಶುರುವಾಗುವುದು ಅಂಚಿನಿಂದಲೇ. ಎಳೆಯುವುದು ಅಂಚು ಹಿಡಿದು, ಮಡಚುವುದು ಅಂಚು ಹಿಡಿದು, ಒಗೆಯುವ ಕಲ್ಲಿಗೆ ಮೊದಲು ತಾಗುವುದೂ ಅಂಚೇ. ತಲೆ ಕಡೆಯ ಅಂಚಿಗಂತೂ ಎಣ್ಣೆ ಹತ್ತಿಯೇ ಹತ್ತುತ್ತದೆ. ಅಂಚು ಗಟ್ಟಿ ಇಲ್ಲದಿದ್ದರೆ ಒಳಗೆ ಎಷ್ಟು ಹೊಲಿಗೆ ಹಾಕಿದ್ದರೂ ನಾಲ್ಕು ಸಲ ಒಗೆಯುವಷ್ಟರಲ್ಲಿ ಪದರಗಳು ಬಿಚ್ಚಿಕೊಳ್ಳುತ್ತವೆ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ತಂಗಿ. ಅವಳಿಗೆ ಏಳು ತಿಂಗಳು ತುಂಬಿತ್ತು. ಸೀಮಂತಕ್ಕೆ ಬಂದವಳು ಸಜ್ಜೆ ನೋಡಿ, "ಅಕ್ಕ, ಆ ಚಿಕ್ಕದು ಕೂಸಿಗೇ ಅಲ್ವಾ? ಅಂಚು ಯಾವಾಗ ಕಟ್ತೀಯಾ?" ಅಂದಳು. ಕೂಸು ಬರುವುದರೊಳಗೆ ಕೊಡುತ್ತೇನೆ ಅಂತ ಮಾತು ಕೊಟ್ಟೆ. ಅದಕ್ಕೋಸ್ಕರ ಏನೇನು ಕೊಂಡೆ, ಎಲ್ಲಿ ಕೊಂಡೆ, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಬರೆಯುತ್ತಿದ್ದೇನೆ. ಅರ್ಧಕ್ಕೆ ನಿಂತ ಕೌದಿ ನಿಮ್ಮ ಮನೆಯಲ್ಲೂ ಇದ್ದರೆ ಉಪಯೋಗಕ್ಕೆ ಬರಲಿ.

ಮೊದಲು ನಾನು ಸುಲಭದ ದಾರಿ ಹಿಡಿದೆ. ದೊಡ್ಡ ಕೌದಿಯನ್ನು ಒಬ್ಬ ಟೈಲರ್ ಹತ್ತಿರ ಕೊಟ್ಟೆ. ಯಾರು ಅಂತ ಹೇಳುವುದಿಲ್ಲ. ಅವರು ಬ್ಲೌಸ್ ಚೆನ್ನಾಗಿ ಹೊಲಿಯುತ್ತಾರೆ, ಕೌದಿ ಅವರ ಕೆಲಸವಲ್ಲ. 250 ರೂಪಾಯಿ ತಗೊಂಡರು, ಎರಡೇ ದಿನಕ್ಕೆ ಕೊಟ್ಟರು. ಮನೆಗೆ ತಂದು ಹಾಸಿದರೆ ಅಂಚೆಲ್ಲ ಅಲೆ ಅಲೆ. ನೆಲದ ಮೇಲೆ ಮಟ್ಟಸವಾಗಿ ಕೂರುತ್ತಲೇ ಇಲ್ಲ. ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿಯಿತು. ಮಿಷನ್ನಿನ ಕೆಳಗಿರುವ ಹಲ್ಲು ಅಡಿಯ ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತದೆ, ಮೇಲಿನ ಪಾದ ಮೇಲಿನ ಬಟ್ಟೆಯನ್ನು ತಡೆಯುತ್ತದೆ. ಎರಡು ಪದರದ ಬ್ಲೌಸಿನಲ್ಲಿ ಇದು ಗೊತ್ತಾಗುವುದಿಲ್ಲ. ಕೌದಿಯ ದಪ್ಪಕ್ಕೆ ಮೇಲಿನದು ಒಂದು ಕಡೆ, ಕೆಳಗಿನದು ಒಂದು ಕಡೆ ಸರಿದುಬಿಡುತ್ತದೆ. ಜೊತೆಗೆ ಅವರು ಹಾಕಿದ್ದು ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಿದ್ದು. ಕ್ರಾಸ್ ಅಂದ ಮೇಲೆ ಅದು ಹಿಗ್ಗುತ್ತದೆ. ಕುತ್ತಿಗೆ ಸುತ್ತಲಿನ ಪೈಪಿಂಗಿಗೆ, ದುಂಡಗಿನ ಅಂಚಿಗೆ ಕ್ರಾಸೇ ಬೇಕು. ನೇರ ಅಂಚಿಗೆ ನೇರ ಎಳೆಯ ಪಟ್ಟಿ ಸಾಕು, ಅದೇ ಒಳ್ಳೆಯದು. ಎಳೆದೆಳೆದು ಹೊಲಿದ ಕ್ರಾಸ್ ಪಟ್ಟಿ ಆಮೇಲೆ ಕುಗ್ಗುತ್ತದೆ, ಕೌದಿ ಸುರುಟಿಕೊಳ್ಳುತ್ತದೆ.

ಅದನ್ನು ಬಿಚ್ಚಲು ನನಗೆ ಮೂರು ಸಂಜೆ ಹಿಡಿಯಿತು. ಬಿಚ್ಚಿ ಮುಗಿದ ಶನಿವಾರವೇ ಪೇಟೆಗೆ ಹೊರಟೆ.

ನಮ್ಮ ಮನೆ ಎಸ್.ಎಸ್. ಪುರಂ ಕಡೆ. ಹೊಲಿಗೆ ಸಾಮಾನು ಅಂದರೆ ನಾನು ಹೋಗುವುದು ಎಂ.ಜಿ. ರಸ್ತೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳೇ ಅಂಗಡಿಗೆ. ಹತ್ತಡಿ ಅಗಲವೂ ಇಲ್ಲ. ಒಳಗೆ ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಗಳು. ದಾರ, ಗುಂಡಿ, ಹುಕ್ಕು, ಬುಕ್ರಂ, ಕುಚ್ಚು, ಲೇಸು, ಎಲ್ಲ ಇದೆ. ಪ್ರತಿ ಡಬ್ಬದ ಮೇಲೂ ಒಳಗೆ ಇರುವುದರ ಒಂದು ತುಂಡು ಅಂಟಿಸಿರುತ್ತಾರೆ. ಅವರು ಹುಡುಕುವುದೇ ಇಲ್ಲ, ಕೈ ನೇರ ಡಬ್ಬಕ್ಕೇ ಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ಕೂರುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ಒಬ್ಬರೇ ಇರುತ್ತಾರೆ. ಆಗ ಹೋದರೆ ನಿಧಾನವಾಗಿ ಮಾತಾಡಲು ಸಿಗುತ್ತಾರೆ, ಹೊಲಿಗೆ ವಿಷಯ ಅವರಿಗೇ ಜಾಸ್ತಿ ಗೊತ್ತು.

"ಏನು ಬೇಕಮ್ಮ?" ಅಂದರು ಯಜಮಾನರು.

"ಅಣ್ಣ, ಕೌದಿಗೆ ಅಂಚು ಕಟ್ಟಬೇಕು. ಪಟ್ಟಿ ಥರದ್ದು ಏನಾದರೂ ತೋರಿಸಿ."

"ಬೊಂತೆಗಾ? ಈಗ ಯಾರಮ್ಮ ಬೊಂತೆ ಹೊಲೀತಾರೆ?" ಅಂದವರೇ ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಬೊಂತೆ ಅನ್ನುವ ಮಾತು ಕೇಳಿ ನನಗೆ ಅಜ್ಜಿ ನೆನಪಾದರು. ನಮ್ಮ ಅಜ್ಜಿ ಕೌದಿ ಅಂದವರೇ ಅಲ್ಲ, ಅವರ ಬಾಯಲ್ಲಿ ಯಾವಾಗಲೂ ಬೊಂತೆಯೇ.

ಆವತ್ತು ತಂದದ್ದು ಇಷ್ಟು. ರೆಡಿಮೇಡ್ ಬಯಾಸ್ ಟೇಪ್, ಅಂದರೆ ಅದೇ ಕ್ರಾಸ್ ಪಟ್ಟಿಯ ರೋಲ್ ಒಂದು, 90 ರೂಪಾಯಿ. ಬಯಾಸ್ ಟೇಪ್ ಮಾಡುವ ಲೋಹದ ಸಣ್ಣ ಉಪಕರಣ, ನಾಲ್ಕು ಅಳತೆಯದು ಒಂದು ಸೆಟ್ಟು, 280 ರೂಪಾಯಿ. ಪ್ಲಾಸ್ಟಿಕ್ ಕ್ಲಿಪ್ 50ರ ಡಬ್ಬ, 160 ರೂಪಾಯಿ. ಸೂಜಿ, ಬೆರಳಿಗೆ ಹಾಕುವ ಟೋಪಿ, ಬಟ್ಟೆ ಬಣ್ಣದ ದಾರ. ಹೊರಡುವಾಗ ಅಕ್ಕ ಒಂದು ಮಾತು ಅಂದರು: "ರೋಲು ಹಿಡಿಸದಿದ್ದರೆ ಫಾಲ್ಸ್ ಹಾಕಿ ನೋಡಿ. ನಮ್ಮತ್ತೆ ಅದನ್ನೇ ಹಾಕ್ತಿದ್ದರು." ಸೀರೆ ಫಾಲ್ಸ್! ಆವತ್ತು ನಾನು ಆ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ 370 ರೂಪಾಯಿ ಉಳಿಯುತ್ತಿತ್ತು.

ಮೊದಲು ರೋಲಿನ ವಿಷಯ. ನೋಡಲು ಫಳಫಳ ಹೊಳೆಯುತ್ತದೆ, ಎರಡೂ ಬದಿ ಮಡಚಿ ಇಸ್ತ್ರಿ ಮಾಡಿಯೇ ಬಂದಿರುತ್ತದೆ. ಲಂಗದ ಅಂಚಿಗೆ, ಏಪ್ರನ್ನಿಗೆ ಚೆನ್ನ. ಕೌದಿಗೆ ಬೇಡ. ಒಂದು, ಅಗಲ ಸಾಲದು. ಮೂರು ಪದರದ ದಪ್ಪ ಸುತ್ತಿ ಹಿಂದಕ್ಕೆ ಹೋಗುವಷ್ಟರಲ್ಲಿ ಪಟ್ಟಿ ಮುಗಿದೇ ಹೋಗುತ್ತದೆ, ಮುಂದಿನ ಹೊಲಿಗೆ ಹಿಂದಿನ ಪಟ್ಟಿಗೆ ಸಿಗುವುದಿಲ್ಲ. ಎರಡು, ನನಗೆ ಸಿಕ್ಕಿದ್ದು ಪಾಲಿಸ್ಟರ್ ಸ್ಯಾಟಿನ್. ಹತ್ತಿ ಕೌದಿಯ ಮೇಲೆ ಅದು ಜಾರುತ್ತದೆ, ಕತ್ತರಿಸಿದ ಕಡೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಮೂರನೆಯದು ನನಗೆ ಮುಖ್ಯ: ಕೂಸಿನ ಕೆನ್ನೆಗೆ ತಾಗುವ ಜಾಗ ಅದು. ಅರ್ಧ ಬದಿ ಹೊಲಿದು ಅಲ್ಲಿಗೇ ನಿಲ್ಲಿಸಿದೆ.

ಟೇಪ್ ಮಾಡುವ ಉಪಕರಣ ಒಳ್ಳೆಯ ವಸ್ತು, ಅದರ ಮೇಲೆ ತಪ್ಪು ಹೊರಿಸುವುದಿಲ್ಲ. 6, 12, 18, 25 ಮಿಲಿಮೀಟರಿನ ನಾಲ್ಕು ಇದ್ದವು. ಬೇಕಾದ ಅಗಲದ ಎರಡರಷ್ಟು ಪಟ್ಟಿ ಕತ್ತರಿಸಿ, ಅಗಲ ಬಾಯಿಯಿಂದ ತೂರಿಸಿ, ಆ ಕಡೆಯಿಂದ ಎಳೆಯುತ್ತಾ ಹಿಂದೆಯೇ ಇಸ್ತ್ರಿ ಓಡಿಸಬೇಕು. ಎರಡೂ ಬದಿ ಒಳಕ್ಕೆ ಮಡಚಿಕೊಂಡು ಹೊರಗೆ ಬರುತ್ತದೆ. ನೋಡಲು ಬಹಳ ಖುಷಿ. ಆದರೆ ಬೆರಳಿಗೆ ಬಿಸಿ ತಾಗುತ್ತದೆ, ಮೆತ್ತನೆಯ ಹಳೇ ಸೀರೆ ಬಟ್ಟೆ ಒಳಗೇ ಮುದುಡುತ್ತದೆ. ಗಂಜಿ ಹಾಕಿದ ಪಾಪ್ಲಿನ್ ಆದರೆ ಸರಿ. ಮುಖ್ಯ ವಿಷಯ ಏನೆಂದರೆ, ಕೌದಿಗೆ ನಾವು ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಹೊಲಿದರೆ ಈ ಉಪಕರಣವೇ ಬೇಡ. ಈಗ ಅದು ತಂಗಿ ಮಗುವಿನ ಜೊಲ್ಲುಬಟ್ಟೆ ಅಂಚಿಗೆ ಬಳಕೆಯಾಗುತ್ತಿದೆ.

ಮುಂದಿನ ವಾರ ಅದೇ ಅಂಗಡಿಗೆ ಹೋಗಿ ಅಕ್ಕ ಹೇಳಿದ ಫಾಲ್ಸ್ ತಂದೆ. 35 ರೂಪಾಯಿಗೆ ಒಂದು. ಈ ಬರಹದಲ್ಲಿ ನಾನು ಮನಸ್ಸಿಟ್ಟು ಹೇಳಬೇಕಾದದ್ದು ಇದನ್ನೇ.

ಸೀರೆ ಫಾಲ್ಸ್ ಅಂದರೆ ಏನು? ನೇರ ಎಳೆಯಲ್ಲಿ ಕತ್ತರಿಸಿದ ಹತ್ತಿ ಪಟ್ಟಿ. ನನಗೆ ಸಿಕ್ಕಿದ್ದು 5 ಇಂಚು ಅಗಲ, ಹತ್ತಿರಹತ್ತಿರ 2.7 ಮೀಟರ್ ಉದ್ದ. ಅದನ್ನು ಉದ್ದಕ್ಕೆ ಸರಿಯಾಗಿ ಮಧ್ಯೆ ಕತ್ತರಿಸಿದರೆ ಎರಡೂವರೆ ಇಂಚಿನ ಎರಡು ಪಟ್ಟಿ. ಕೌದಿ ಅಂಚಿಗೆ ಬೇಕಾದದ್ದು ಅದೇ ಎರಡೂವರೆ ಇಂಚು! ಕೂಸಿನ ಕೌದಿ 45ಕ್ಕೆ 36 ಇಂಚು. ಸುತ್ತಳತೆ 162 ಇಂಚು, ಜೋಡಣೆಗೆ ಮೂಲೆಗೆ ಅಂತ ಇನ್ನೊಂದು 12 ಇಂಚು, ಒಟ್ಟು 174. ಒಂದು ಫಾಲ್ಸಿನಲ್ಲಿ 200 ಇಂಚಿಗೂ ಜಾಸ್ತಿ ಪಟ್ಟಿ ಬರುತ್ತದೆ. ಅಂದರೆ 35 ರೂಪಾಯಿಗೆ ಒಂದು ಕೂಸಿನ ಕೌದಿಯ ಅಂಚು ಪೂರ್ತಿ. ದೊಡ್ಡದಕ್ಕೆ 312 ಇಂಚು ಬೇಕು, ಎರಡು ಫಾಲ್ಸ್ ತಂದರೆ ಉಳಿಯುತ್ತದೆ. ಬಟ್ಟೆ ತಂದು ಕತ್ತರಿಸಿದರೂ ಆಗುತ್ತದೆ, 44 ಇಂಚು ಪನ್ನದ (ಅಗಲದ) ಬಟ್ಟೆ 60 ಸೆಂಟಿಮೀಟರ್ ತಗೊಂಡರೆ ಸಾಕು. ಆದರೆ ಎಂಟು ಪಟ್ಟಿ ಕತ್ತರಿಸಿ ಏಳು ಕಡೆ ಜೋಡಿಸಬೇಕು. ಫಾಲ್ಸಿನಲ್ಲಿ ನಾಲ್ಕು ಪಟ್ಟಿ, ಮೂರೇ ಜೋಡಣೆ. ಕೂಸಿನ ಕೌದಿಗಾದರೆ ಒಂದೇ ಜೋಡಣೆ.

ಬಣ್ಣದ ವಿಷಯದಲ್ಲಂತೂ ಇದಕ್ಕೆ ಸಾಟಿ ಇಲ್ಲ. ಸೀರೆಗೆ ಮ್ಯಾಚ್ ಆಗಬೇಕಲ್ಲ, ಅದಕ್ಕೇ ಅಂಗಡಿಯವರು ಒಂದೊಂದು ಬಣ್ಣದಲ್ಲೂ ಹತ್ತಾರು ಛಾಯೆ ಇಟ್ಟಿರುತ್ತಾರೆ. ನಾನು ಕೌದಿಯ ತುಂಡು ತೋರಿಸಿದೆ. ಅಕ್ಕ ಒಂದೇ ನೀಲಿಯಲ್ಲಿ ಏಳು ಕಟ್ಟು ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ಎರಡು ಪಕ್ಕಕ್ಕಿಟ್ಟು, "ಇದು ಟ್ಯೂಬ್‌ಲೈಟಲ್ಲಿ ಸರಿ ಕಾಣುತ್ತೆ, ಬಿಸಿಲಲ್ಲಿ ಇದು" ಅಂದರು. ಬಿಸಿಲಿನದ್ದನ್ನೇ ತಂದೆ.

ಫಾಲ್ಸ್ ತಗೊಳ್ಳುವಾಗ ಗಮನಿಸಬೇಕಾದ್ದು ಕೆಲವು ಇವೆ. ಅಗಲ ಎಲ್ಲ ಕಡೆ ಒಂದೇ ಇರುವುದಿಲ್ಲ, ಟೇಪ್ ಇಟ್ಟು ಅಳೆಯಿರಿ. ಬದಿ ಮಡಚಿ ಹೊಲಿದದ್ದು ಬೇಡ, ಸಾದಾ ಕೇಳಿ. ಹತ್ತಿ ಹೌದೋ ಅಲ್ಲವೋ ಅಂತ ಅನುಮಾನ ಇದ್ದರೆ ಮನೆಗೆ ಬಂದು ಎರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಸ್ಟರ್ ಸೇರಿದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಇನ್ನು, ಸೀರೆಗೆ ಹಚ್ಚುವ ಮುಂಚೆ ಫಾಲ್ಸ್ ನೆನೆಸಿ ಒಣಗಿಸುತ್ತೇವಲ್ಲ, ಇಲ್ಲೂ ಅದನ್ನು ಬಿಡಲೇಬೇಡಿ. ನಾನು ರಾತ್ರಿ ಬಕೆಟಿನಲ್ಲಿ ಹಾಕಿಟ್ಟೆ. ಬೆಳಗ್ಗೆ ನೀರು ನೀಲಿ ಆಗಿತ್ತು. ಇನ್ನೂ ಎರಡು ನೀರು ಬದಲಿಸಿದ ಮೇಲೆ ಬಣ್ಣ ಬಿಡುವುದು ನಿಂತಿತು. ಒಣಗಿದ ಮೇಲೆ ಅಳೆದರೆ ಉದ್ದದಲ್ಲಿ ನಾಲ್ಕು ಬೆರಳು ಕಡಿಮೆ. ನೆನೆಸದೆ ಹೊಲಿದಿದ್ದರೆ ಆ ನಾಲ್ಕು ಬೆರಳು ಕೌದಿಯ ಮೇಲೆ ಕುಗ್ಗುತ್ತಿತ್ತು, ಬಣ್ಣ ಅಜ್ಜಿಯ ಸೀರೆಗೆ ಹತ್ತುತ್ತಿತ್ತು.

ಈಗ ಹೊಲಿಗೆ. ಮೊದಲು ಕೌದಿಯನ್ನು ನೆಲದ ಮೇಲೆ ಹಾಸಿ, ಅಂಚಿನಿಂದ ಒಂದು ನೂಲಿನಷ್ಟು (ಅರೆಕಾಲು ಇಂಚು) ಒಳಗೆ ಸುತ್ತಲೂ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಮೂರು ಪದರ ಸರಿಯದೆ ನಿಲ್ಲುತ್ತದೆ. ಟೈಲರ್‌ಗಳು ಬಳಸುವ ಎಲ್ ಸ್ಕೇಲ್ ಇಟ್ಟು ನಾಲ್ಕೂ ಮೂಲೆ ಸರಿಯಾಗಿ ಕತ್ತರಿಸಿಕೊಳ್ಳಿ. ಮೂಲೆ ಸೊಟ್ಟ ಇದ್ದರೆ ಪಟ್ಟಿ ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸುವಾಗ ಅಡ್ಡಕ್ಕೆ ಹೊಲಿಯಬೇಡಿ, ಓರೆಯಾಗಿ ಹೊಲಿಯಿರಿ. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ಎಲ್ ಆಕಾರಕ್ಕೆ ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು ಹೊಲಿದು, ಕಾಲು ಇಂಚು ಬಿಟ್ಟು ಮಿಕ್ಕಿದ್ದು ಕತ್ತರಿಸಬೇಕು. ಮಡಚಿದಾಗ ಜೋಡಣೆಯ ದಪ್ಪ ಒಂದೇ ಕಡೆ ಗಂಟಾಗದೆ ಹರಡಿಕೊಳ್ಳುತ್ತದೆ. ಆಮೇಲೆ ಇಡೀ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ. ಹೀಗೆ ಮಡಚಿದರೆ ಅಂಚಿನ ಮೇಲೆ ಎರಡು ಪದರ ಬಟ್ಟೆ ಬರುತ್ತದೆ. ಫಾಲ್ಸ್ ತೆಳ್ಳಗಿದೆ ಅನ್ನುವ ಚಿಂತೆಯೂ ಹೋಗುತ್ತದೆ.

ಪಟ್ಟಿಯ ಕತ್ತರಿಸಿದ ಬದಿಯನ್ನು ಕೌದಿಯ ಅಂಚಿಗೆ ಸರಿಯಾಗಿಟ್ಟು, ಮುಂಭಾಗದಲ್ಲಿ ಮಿಷನ್ ಹೊಲಿಗೆ. ಶುರು ಮಾಡುವುದು ಮೂಲೆಯಿಂದಲ್ಲ, ಕಾಲು ಕಡೆಯ ಬದಿಯ ಮಧ್ಯದಿಂದ. ಮೊದಲ ಎಂಟು ಇಂಚು ಹೊಲಿಯದೆ ಬಿಡಿ. ನನ್ನದು ಅಮ್ಮನ ಕಾಲದ ಕಪ್ಪು ಉಷಾ ಮಿಷನ್. 16 ನಂಬರ್ ಸೂಜಿ ಹಾಕಿ, ಹೊಲಿಗೆ ಉದ್ದ ಮಾಡಿ, ತಲೆಯ ಮೇಲಿನ ಒತ್ತಡದ ತಿರುಪು ಎರಡು ಸುತ್ತು ಸಡಿಲ ಮಾಡಿದೆ. ಅಲೆ ಬರುವುದು ಅಲ್ಲಿಗೆ ನಿಂತಿತು! ಕಾಲು ಇಂಚಿಗಿಂತ ಒಂಚೂರು ಜಾಸ್ತಿ ಒಳಗೆ ಹೊಲಿದರೆ ಕೌದಿಯ ದಪ್ಪಕ್ಕೆ ಸರಿಹೋಗುತ್ತದೆ.

ಮೂಲೆ. ಎಲ್ಲರೂ ಹೆದರುವುದು ಇಲ್ಲಿಗೇ. ಬಾಯಲ್ಲಿ ಹೇಳಿದರೆ ಕಷ್ಟ ಅನ್ನಿಸುತ್ತದೆ, ಕೈಯಲ್ಲಿ ಒಂದು ಸಲ ಮಾಡಿದರೆ ಮರೆಯುವುದಿಲ್ಲ. ಮೂಲೆಗೆ ಅದೇ ಕಾಲು ಇಂಚಿಗಿಂತ ಒಂಚೂರು ಜಾಸ್ತಿ ಇರುವಾಗಲೇ ನಿಲ್ಲಿಸಿ, ಎರಡು ಹೊಲಿಗೆ ಹಿಂದಕ್ಕೆ ಹಾಕಿ ದಾರ ಕತ್ತರಿಸಿ. ಕೌದಿಯನ್ನು ತಿರುಗಿಸಿ, ಮುಂದಿನ ಬದಿ ನಿಮ್ಮ ಎದುರಿಗೆ ಉದ್ದಕ್ಕೆ ಬರಲಿ. ಪಟ್ಟಿಯನ್ನು ನೇರ ಮೇಲಕ್ಕೆ ಎತ್ತಿ, ಕೌದಿಯಿಂದ ಆಚೆ ಹೋಗುವ ಹಾಗೆ. ಮೂಲೆಯಲ್ಲಿ ಸಮೋಸದ ಥರ ಓರೆ ಮಡಿಕೆ ಒಂದು ತಾನಾಗಿ ಬೀಳುತ್ತದೆ. ಆ ಮಡಿಕೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಪಟ್ಟಿಯನ್ನು ಈಗ ಕೆಳಕ್ಕೆ ಇಳಿಸಿ. ಮೇಲಿನ ಮಡಿಕೆ ಕೌದಿಯ ಮೇಲಂಚಿಗೆ ಸರಿಯಾಗಿ ಕೂರಬೇಕು, ಒಳಗೂ ಇಲ್ಲ ಹೊರಗೂ ಇಲ್ಲ. ಅಲ್ಲೊಂದು ಕ್ಲಿಪ್. ಮೇಲಂಚಿನಿಂದಲೇ ಮತ್ತೆ ಹೊಲಿಗೆ ಶುರು. ಇಷ್ಟೇ. ಆಮೇಲೆ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿದಾಗ ಮೂಲೆಯಲ್ಲಿ ಫೋಟೋ ಫ್ರೇಮಿನ ಹಾಗೆ ಓರೆ ಗೆರೆ ಬರುತ್ತದೆ. ಮೊದಲ ಮೂಲೆ ತಿರುಗಿಸಿದಾಗ ನಾನು ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅಮ್ಮ ಹೆಬ್ಬೆರಳಲ್ಲಿ ಒತ್ತಿ ನೋಡಿ, "ಗಟ್ಟಿ ಇದೆ" ಅಂದರು. ಹೊಲಿಗೆ ವಿಷಯದಲ್ಲಿ ಅಮ್ಮ ಸುಮ್ನೆ ಹೊಗಳುವವರಲ್ಲ.

ಕೊನೆಯ ಜೋಡಣೆಗೆ ಒಂದು ಉಪಾಯ ಹೇಳುತ್ತೇನೆ. ಶುರುವಿನ ತುದಿಯೂ ಕೊನೆಯ ತುದಿಯೂ ಒಂದರ ಮೇಲೊಂದು ಎಷ್ಟು ಬರಬೇಕು? ಪಟ್ಟಿಯ ಅಗಲದಷ್ಟು, ಅಂದರೆ ಎರಡೂವರೆ ಇಂಚು. ಕತ್ತರಿಸಿದ ಪಟ್ಟಿಯ ಒಂದು ಚೂರನ್ನೇ ಬಿಚ್ಚಿ ಅಳತೆಗೆ ಇಟ್ಟುಕೊಳ್ಳಿ, ಟೇಪೇ ಬೇಡ. ಅಷ್ಟಕ್ಕೆ ಕತ್ತರಿಸಿ, ಎರಡೂ ತುದಿ ಬಿಚ್ಚಿ, ಎಲ್ ಆಕಾರಕ್ಕೆ ಇಟ್ಟು, ಮೊದಲಿನ ಹಾಗೇ ಓರೆ ಹೊಲಿಗೆ. ಕತ್ತರಿಸುವ ಮುಂಚೆ ಒಂದು ಸಲ ಹರಡಿ ನೋಡಿ. ನಾನು ಮೊದಲ ಸಲ ಪಟ್ಟಿ ತಿರುಚಿಕೊಂಡದ್ದನ್ನು ನೋಡದೆ ಹೊಲಿದು, ಬಿಚ್ಚಬೇಕಾಯಿತು.

ಮಿಷನ್ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಉಳಿಯುವುದು ಹಿಂಭಾಗದ ಹೆಮ್ಮಿಂಗ್, ಮನಸ್ಸು ಕೈಕೊಡುವುದು ಅಲ್ಲೇ. ಇಲ್ಲಿ ನನಗೆ ದಾರಿ ಮಾಡಿಕೊಟ್ಟದ್ದು ಆ ಕ್ಲಿಪ್ಪುಗಳು.

ಮೊದಲು ಐವತ್ತು ಕ್ಲಿಪ್ಪನ್ನೂ ಒಟ್ಟಿಗೆ ಹಾಕಿದ್ದೆ. ಕೌದಿ ತುಂಬಾ ಕೆಂಪು ಕ್ಲಿಪ್, ನೋಡಿದರೇ ಸುಸ್ತು. ಎಲ್ಲ ತೆಗೆದೆ. ದಿನಕ್ಕೆ ಹತ್ತೇ ಕ್ಲಿಪ್ ಅಂತ ಮಾಡಿಕೊಂಡೆ. ಮೂರು ಇಂಚಿಗೊಂದು, ಹತ್ತಕ್ಕೆ 30 ಇಂಚು. ರಾತ್ರಿ ಊಟ ಆದ ಮೇಲೆ ಹತ್ತು ಹಾಕಿ ಕೂರುವುದು, ಹೊಲಿಯುತ್ತಾ ಒಂದೊಂದೇ ತೆಗೆದು ಡಬ್ಬಕ್ಕೆ ಹಾಕುವುದು. ಹತ್ತನೆಯದು ಡಬ್ಬಕ್ಕೆ ಬಿದ್ದರೆ ಆವತ್ತಿನ ಕೆಲಸ ಆಯಿತು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ, ಹತ್ತಿರದಲ್ಲಿ ಯಾರಾದರೂ ಮಾತಿಗೆ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಕೂಸಿನ ಕೌದಿ ಆರು ರಾತ್ರಿಗೆ ಮುಗಿಯಿತು. 300 ಇಂಚಿನ ದೊಡ್ಡದು ಹತ್ತು ರಾತ್ರಿ. ಒಂದೂವರೆ ವರ್ಷ ನನ್ನನ್ನು ಹೆದರಿಸಿದ್ದ ಕೆಲಸ ಹತ್ತು ರಾತ್ರಿಯದ್ದು!

ಗುಂಡುಸೂಜಿ ಹಾಕಿದರೆ ಆಗುವುದಿಲ್ಲವೇ ಅಂತ ಕೇಳಬಹುದು. ಆಗುತ್ತದೆ, ಆದರೆ ಕೌದಿಯ ದಪ್ಪಕ್ಕೆ ಅದು ಬಗ್ಗುತ್ತದೆ, ಕೈಗೆ ಚುಚ್ಚುತ್ತದೆ. ಕೂಸಿನ ಬಟ್ಟೆಯಲ್ಲಿ ಒಂದು ಮರೆತು ಉಳಿದರೆ ಅನ್ನುವ ಭಯ ಬೇರೆ. ಕ್ಲಿಪ್ಪಿಗೆ ಆ ಭಯ ಇಲ್ಲ. 50 ಬೇಕಾಗಿಲ್ಲ ಅನ್ನುವುದು ನಿಜ, ಸಣ್ಣ ಡಬ್ಬ ಸಿಕ್ಕರೆ ಅದೇ ಸಾಕು. ನನ್ನದರಲ್ಲಿ ಎರಡರ ಸ್ಪ್ರಿಂಗ್ ಮೊದಲ ವಾರವೇ ಬಿಟ್ಟುಕೊಂಡಿತು, ಮಿಕ್ಕಿದ್ದು ಚೆನ್ನಾಗಿವೆ.

ಹೆಮ್ಮಿಂಗ್ ಹಾಕುವಾಗ ದಾರ ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಸೂಜಿ ಅಡಿಯ ಪದರವನ್ನು ಮಾತ್ರ ಹಿಡಿಯಬೇಕು, ಮುಂದಕ್ಕೆ ಬರಬಾರದು. ಪಟ್ಟಿಯ ಮಡಿಕೆಯೊಳಗೆ ಸೂಜಿ ಓಡಿಸಿ ಹೊರಗೆ ತೆಗೆದರೆ ಹೊಲಿಗೆ ಕಣ್ಣಿಗೇ ಬೀಳುವುದಿಲ್ಲ. ಮೂಲೆಯ ಓರೆ ಗೆರೆಗೂ ನಾಲ್ಕು ಹೊಲಿಗೆ ಹಾಕಿ, ಕೂಸುಗಳ ಬೆರಳು ಮೊದಲು ಹೋಗುವುದೇ ಅಲ್ಲಿಗೆ.

ನಮ್ಮ ಅಜ್ಜಿ ಇಷ್ಟೆಲ್ಲ ಮಾಡುತ್ತಿರಲಿಲ್ಲ. ಅಡಿಯ ಸೀರೆಯನ್ನು ಸುತ್ತಲೂ ಎರಡು ಬೆರಳು ದೊಡ್ಡದಾಗಿ ಬಿಟ್ಟು, ಅದನ್ನೇ ಮೇಲಕ್ಕೆ ಎರಡು ಸಲ ಮಡಚಿ ಹೊಲಿದುಬಿಡುತ್ತಿದ್ದರು. ಬೇಗ ಆಗುತ್ತದೆ, ಖರ್ಚೂ ಇಲ್ಲ. ಆದರೆ ಅಂಚು ಹರಿದರೆ ಅಡಿಯ ಬಟ್ಟೆಯೇ ಹರಿದ ಹಾಗೆ. ಬೇರೆ ಪಟ್ಟಿ ಕಟ್ಟಿದರೆ ಐದಾರು ವರ್ಷ ಬಿಟ್ಟು ಅದನ್ನು ಬಿಚ್ಚಿ ಹೊಸದು ಹಾಕಬಹುದು, ಕೌದಿ ಹಾಗೇ ಉಳಿಯುತ್ತದೆ. ಅಜ್ಜಿಯ ಸೀರೆ ಹಾಕಿ ಹೊಲಿದ ಮೇಲೆ ನನಗೆ ಆ ಎರಡನೇ ದಾರಿಯೇ ಬೇಕು.

ಇನ್ನೂ ಒಂದು ದಾರಿ ಇದೆ. ಉತ್ತರ ಕನ್ನಡದಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದಲೇ ಶುರು ಮಾಡುತ್ತಾರೆ. ಮೂಲೆಯಿಂದ ಹಿಡಿದು, ಬದಿಯನ್ನು ಒಳಕ್ಕೆ ಮಡಚುತ್ತಾ, ತುಂಡು ಇಡುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ಅಂಚು ಮೊದಲೇ ಮುಗಿದಿರುತ್ತದೆ! ನಾಲ್ಕೂ ಮೂಲೆಗೆ ಬಣ್ಣಬಣ್ಣದ ಬಟ್ಟೆ ಮಡಚಿ 'ಫೂಲ' ಅಂತ ಇಡುತ್ತಾರೆ. ಇದನ್ನು ಯೋಚಿಸಿ ಮುಂದಿನ ಕೌದಿಗೆ ನಾನು ಒಂದು ನಿರ್ಧಾರ ಮಾಡಿದ್ದೇನೆ. ಅವರ ಕೈಗೆಲಸ ನನಗೆ ಬರುವುದಿಲ್ಲ, ಆದರೆ ಮೊದಲ ತುಂಡು ಕತ್ತರಿಸುವ ದಿನವೇ ಫಾಲ್ಸ್ ನೆನೆಸಿ, ಜೋಡಿಸಿ, ಮಡಚಿ, ಇಸ್ತ್ರಿ ಮಾಡಿ ಸುರುಳಿ ಸುತ್ತಿ ಇಟ್ಟುಬಿಡುತ್ತೇನೆ. ಒಂದೂವರೆ ವರ್ಷ ನಾನು ಮುಂದಕ್ಕೆ ಹಾಕಿದ್ದು ಹೊಲಿಗೆಯನ್ನಲ್ಲ ಅಂತ ಈಗ ಗೊತ್ತಾಗಿದೆ. ಯಾವ ಪಟ್ಟಿ, ಯಾವ ಬಣ್ಣ, ಎಷ್ಟು ಬೇಕು ಅನ್ನುವುದನ್ನು. ಅದು ತೀರ್ಮಾನ ಆದ ವಾರವೇ ಕೈ ಓಡಿತು.

ಕೂಸಿಗೆ ಈಗ ಐದು ತಿಂಗಳು. ಆ ಚಿಕ್ಕ ಕೌದಿ ವಾರಕ್ಕೆ ಎರಡು ಸಲವಾದರೂ ಒಗೆತಕ್ಕೆ ಬೀಳುತ್ತದೆ. ಕಳೆದ ಭಾನುವಾರ ತಂಗಿ ಮನೆಗೆ ಹೋದಾಗ ಅಂಚನ್ನು ಪೂರ್ತಿ ತಿರುಗಿಸಿ ನೋಡಿದೆ. ನೀಲಿ ಒಂಚೂರು ಮಾಸಿದೆ. ಹೊಲಿಗೆ ಎಲ್ಲೂ ಬಿಟ್ಟಿಲ್ಲ, ಮೂಲೆಗಳು ನಾಲ್ಕೂ ಹಾಗೇ ಇವೆ. ಒಂದು ಮೂಲೆಯನ್ನು ಕೂಸು ಬಾಯಲ್ಲಿ ಇಟ್ಟುಕೊಂಡೇ ಮಲಗುತ್ತದಂತೆ, ಅಲ್ಲಿ ಮಾತ್ರ ಬಣ್ಣ ಜಾಸ್ತಿ ಹೋಗಿದೆ.

ಅಂಗಡಿ ಬಗ್ಗೆ ಇನ್ನೆರಡು ಮಾತು. ಶನಿವಾರ ಸಂಜೆ ಹೋಗಬೇಡಿ, ನಿಲ್ಲಲೂ ಜಾಗ ಇರುವುದಿಲ್ಲ. ಗಾಡಿ ನಿಲ್ಲಿಸುವುದು ಯಾವ ಹೊತ್ತಿನಲ್ಲೂ ಕಷ್ಟ, ಬಸ್ಸಿನಲ್ಲಿ ಹೋಗಿ ನಡೆದರೆ ವಾಸಿ. ತಂದದ್ದನ್ನು ವಾಪಸ್ ತಗೊಳ್ಳುವುದಿಲ್ಲ. ನನ್ನ ರೋಲನ್ನೂ ತಗೊಳ್ಳಲಿಲ್ಲ, ಅದು ಸ್ವಲ್ಪ ಬೇಸರವೇ. ಬದಲಾಯಿಸಿ ಕೊಡಿ ಅಂದಾಗ ಯಜಮಾನರು ಆಗಲ್ಲ ಅಂದುಬಿಟ್ಟರು. ಆದರೆ ಐದು ರೂಪಾಯಿಯ ಸೂಜಿಗೆ ಹೋದರೂ ಅಕ್ಕ ಅದೇ ತಾಳ್ಮೆಯಿಂದ ಮಾತಾಡುತ್ತಾರೆ, ಬಟ್ಟೆ ತುಂಡು ತಗೊಂಡು ಹೋದರೆ ಬೆಳಕಿಗೆ ಹಿಡಿದು ಬಣ್ಣ ಹೊಂದಿಸಿ ಕೊಡುತ್ತಾರೆ. ನಿಮ್ಮ ಊರಿನಲ್ಲೂ ಇಂಥ ಒಂದು ಅಂಗಡಿ ಇದ್ದೇ ಇರುತ್ತದೆ, ಮೊದಲು ಅಲ್ಲಿಗೆ ಹೋಗಿ ಕೇಳಿ. ಐದಕ್ಕೆ ಎಷ್ಟು ಅಂತ ಕೇಳಿದರೆ ಫಾಲ್ಸಿಗೆ ಐದು, ಕ್ಲಿಪ್ಪಿಗೆ ನಾಲ್ಕೂವರೆ, ಉಪಕರಣಕ್ಕೆ ಮೂರು, ರೋಲಿಗೆ ಒಂದು. ಅಂಗಡಿಗೆ ನಾಲ್ಕು, ಅಕ್ಕನ ಮಾತಿಗೆ ಮಾತ್ರ ಐದಕ್ಕೆ ಐದು.

ಮೂರನೇ ಕೌದಿ ಇನ್ನೂ ಸಜ್ಜೆ ಮೇಲಿದೆ. ಇದು ಅಮ್ಮನಿಗೆ. ಅದರ ಎರಡು ತುಂಡು, ಒಂದು ಅರಿಶಿನ ಬಣ್ಣದ್ದು ಒಂದು ಇಟ್ಟಿಗೆ ಕೆಂಪಿನದು, ಪರ್ಸಿನಲ್ಲಿ ಹಾಕಿಟ್ಟಿದ್ದೇನೆ. ಬುಧವಾರ ಮಧ್ಯಾಹ್ನ ಅಕ್ಕ ಒಬ್ಬರೇ ಇರುವ ಹೊತ್ತಿಗೆ ಹೋಗಿ ಎರಡು ಫಾಲ್ಸ್ ತರಬೇಕು.